ಕಾರಣ ಕೇಳದ ರಜೆ

ಈ ಬರಹವನ್ನು ಮೊದಲು ನನ್ನ ಹೆಂಡತಿ ಸಂಧ್ಯಾಗೆ ಓದಿ ಹೇಳಿದೆ. ಎರಡು ಕಡೆ ಕೈ ಎತ್ತಿ ನಿಲ್ಲಿಸಿದಳು. ಬೇಜಾರಾಯಿತೇನೋ ಎಂದು ಆ ಸಾಲುಗಳನ್ನು ಹೊಡೆದುಹಾಕಲು ಹೊರಟೆ. "ಅದನ್ನ ತೆಗೀಬೇಡ. ಅಲ್ಲಿ ಮೆತ್ತಗೆ ಮಾಡಿದೀಯ, ಅದಕ್ಕೇ ನಿಲ್ಸಿದ್ದು. ಹೆಂಗಾಯ್ತೋ ಹಂಗೇ ಬರಿ," ಅಂದಳು. ಹಾಗೇ ಬರೆದಿದ್ದೇನೆ.

ಅವಳು ಈಗ ಚೆನ್ನಾಗಿದ್ದಾಳೆ. ಮಾತ್ರೆ ನುಂಗುತ್ತಾಳೆ, ರಕ್ತ ಪರೀಕ್ಷೆಗೆ ಹೋಗುತ್ತಾಳೆ, ಬೈಯುತ್ತಾಳೆ, ನಗುತ್ತಾಳೆ. ಇನ್ನೂ ಪೂರ್ತಿ ಗುಣವಾಗದವನು ನಾನು. ಮನೆಯ ಪೈಪುಗಳು ಟಕ್ ಅಂದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಮೆಟ್ಟಿಲು ಹತ್ತುತ್ತೇನೆ. ಕಾಯಿಲೆಯವರ ಕೈಯಲ್ಲಿ ಏಟು ತಿಂದು, ಅದನ್ನು ಯಾರಿಗೂ ಹೇಳಲಾಗದೆ ಕೂತವರು ಈ ದೇಶದಲ್ಲಿ ನಾನೊಬ್ಬನೇ ಇರಲಾರೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾವಿದ್ದದ್ದು ಕಾರ್ಕ್ ಬಂದರಿನ ಹತ್ತಿರ, ಹೊಸದಾಗಿ ಕಟ್ಟಿದ ಬಡಾವಣೆಯೊಂದರಲ್ಲಿ. ಅರ್ಧ ಮನೆಗಳಿಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಆಕಾಶದ ತುಂಬ ಕ್ರೇನುಗಳು. ಐರ್ಲೆಂಡಿಗೇ ದುಡ್ಡಿನ ಮಳೆ ಬಿದ್ದಿದ್ದ ಕಾಲ. ನಾನು ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಮಿಸ್ಟ್. ಕುಮಟಾದ ಸಂಧ್ಯಾ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ, ನಗರದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ರಿಜಿಸ್ಟ್ರಾರ್, ಅಂದರೆ ದೊಡ್ಡ ಡಾಕ್ಟರ ಕೈಕೆಳಗಿನ ಡಾಕ್ಟರ್, ಆಗಿದ್ದಳು. ಮಗಳು ಇಂಚರ ಇಲ್ಲಿಯೇ ಹುಟ್ಟಿದವಳು, ಪ್ರೈಮರಿ ಶಾಲೆಗೆ ಹೋಗುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಕಾರ್ಕಿನ ರಾಗದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಗಂಡ ಹೆಂಡತಿ ಇಬ್ಬರಿಗೂ ಶಿಫ್ಟ್ ಕೆಲಸವಾದ್ದರಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಒಬ್ಬರು ಒಳಗೆ ಬರುವಾಗ ಇನ್ನೊಬ್ಬರು ಹೊರಗೆ ಹೊರಟಿರುತ್ತಿದ್ದರು. ಆಗ ಹೊಸ್ತಿಲಲ್ಲೇ ನಿಂತು, ವಾರ್ಡಿನಲ್ಲಿ ರೋಗಿಯನ್ನು ಒಪ್ಪಿಸುವ ಹಾಗೆ, ಮಗಳನ್ನು ಒಪ್ಪಿಸುತ್ತಿದ್ದೆವು. "ಊಟ ಆಗಿದೆ. ಮೊಸರನ್ನ ಅರ್ಧ ಬಟ್ಟಲು. ಕೆಮ್ಮು ಕಮ್ಮಿ. ಹೋಮ್‌ವರ್ಕ್ ಬಾಕಿ." ಕೇಳಿಸಿಕೊಂಡವರು "ಸರಿ" ಅಂದರೆ ಅಲ್ಲಿಂದ ಮಗು ಅವರ ಜವಾಬ್ದಾರಿ. ಅವಳು ವಾರ್ಡಿನಿಂದ ತಂದ ಅಭ್ಯಾಸ, ನಾನು ಪ್ಲಾಂಟಿನಿಂದ ತಂದದ್ದು. ಒಪ್ಪಿಸಿದ ಮಾತನ್ನು ಮತ್ತೆ ಕೆದಕಿ ನೋಡುವುದು ನಮ್ಮಲ್ಲಿ ಅವಮಾನ ಮಾಡಿದ ಹಾಗೆ.

ಕಾಯಿಲೆ ಒಂದು ಭಾನುವಾರ ಚಹಾದ ರೂಪದಲ್ಲಿ ಬಂತು. ಸಕ್ಕರೆ ಹೆಚ್ಚಾಯಿತು ಅಂದೆ ಅಷ್ಟೆ. ಅವಳು ಲೋಟ ತೆಗೆದುಕೊಂಡು ಬಿಸಿ ಚಹಾವನ್ನು ನನ್ನ ಎದೆಗೆ ಎರಚಿದಳು. ಎರಚಿ, ಖಾಲಿ ಲೋಟವನ್ನು ಸಿಂಕಿನಲ್ಲಿ ತೊಳೆದು ಬೋರಲು ಹಾಕಿದಳು. ನಾನು ಶರ್ಟ್ ಕಿತ್ತುಕೊಂಡು ಕುಣಿಯುತ್ತಿದ್ದರೆ, "ಏನಾಯ್ತು?" ಅಂತ ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ.

ಆಮೇಲೆ ಕಾರಿನ ಗಾಜು ಒಡೆಯಿತು. ಒಂದು ದಿನ ಊಟಕ್ಕೆ ಕೂತಾಗ ನನ್ನ ಕೂದಲು ಹಿಡಿದು ಮೇಜಿಗೆ ಹಣೆ ಚಚ್ಚಿದಳು. ಹುಬ್ಬು ಸೀಳಿ ಅನ್ನದ ಮೇಲೆ ರಕ್ತ ತೊಟ್ಟಿಕ್ಕಿತು. ಅದರ ಮರುದಿನ ಅವಳೇ ಪಟ್ಟಿ ಬಿಚ್ಚಿ ಹೊಲಿಗೆ ನೋಡಿ, "ಯಾರು ಹಾಕಿದ್ದು ಇದನ್ನ? ಚೆನ್ನಾಗಿ ಹಾಕಿದಾರೆ," ಅಂದಳು. ಈ ನಡುವೆ ಎಷ್ಟೋ ದಿನ ಸರಿಯಾಗೇ ಇರುತ್ತಿದ್ದಳು. ಸರಿಯಾಗಿದ್ದಾಗ ಸೋಫಾದ ಮೂಲೆಯಲ್ಲಿ ಕೂತು ನಡುಗುತ್ತಿದ್ದಳು.

"ಆಸ್ಪತ್ರೆಗೆ ಹೋಗೋಣ," ಅಂದೆ.

"ಯಾವ ಆಸ್ಪತ್ರೆ? ನನ್ನದಾ? ಸೈಕಿಯಾಟ್ರಿ ವಾರ್ಡಿಗೆ ನನ್ನ ಒಂದ್ ಸಲ ಸೇರಿಸಿದ್ರೆ ಮುಗೀತು. ಮೆಡಿಕಲ್ ಕೌನ್ಸಿಲ್‌ಗೆ ಹೋಗತ್ತೆ. ರಿಜಿಸ್ಟ್ರೇಷನ್ ಹೋಗತ್ತೆ. ವೀಸಾ ಹೋಗತ್ತೆ. ನಾನು ಮಕ್ಕಳ ಡಾಕ್ಟ್ರು ಕಣೋ. ಹುಚ್ಚಿಯ ಕೈಗೆ ಯಾರಾದ್ರೂ ಮಗು ಕೊಡ್ತಾರಾ?"

ಅದು ಪೂರ್ತಿ ನಿಜವಲ್ಲ ಎಂದು ಮುಂದೆ ತಿಳಿಯಿತು. ಆದರೆ ಪರದೇಶದಲ್ಲಿ ಬಿಳಿ ಕೋಟು ತೊಟ್ಟ ನಮ್ಮವರೆಲ್ಲ ಆಗ ನಂಬಿದ್ದು ಅದನ್ನೇ. ಮೈಗ್ರೇನ್ ಎಂದು ಹೇಳಿ ಅವಳು ರಜೆ ಹಾಕಿದಳು. ನನ್ನ ಮುಂದೆ ಉಳಿದದ್ದು ಒಂದೇ ಪ್ರಶ್ನೆ: ಇಂಚರಳನ್ನು ಅವಳ ಅಮ್ಮನ ಜೊತೆ ಒಬ್ಬಳನ್ನೇ ಬಿಡಬಹುದೇ? ಬಿಡಬಾರದು ಅಂತಾದರೆ ನಾನು ಮನೆಯಲ್ಲಿರಬೇಕು. ಶಿಫ್ಟ್ ಕೆಮಿಸ್ಟ್ ಮನೆಯಲ್ಲಿರುವುದು ಹೇಗೆ?

ಕಾರ್ಖಾನೆಯೇ ದಾರಿ ತೋರಿಸಿತು. ಆ ವರ್ಷಗಳಲ್ಲಿ ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಇದ್ದವರನ್ನು ಪಕ್ಕದ ಕಾರ್ಖಾನೆ ಎಳೆದುಕೊಳ್ಳುತ್ತಿತ್ತು. ಅದಕ್ಕೇ ನಮ್ಮ ಕಂಪನಿ ಒಂದು ಯೋಜನೆ ತಂದಿತ್ತು. ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳಬೇಕಾದವರು ಬೆಳಿಗ್ಗೆ ಪ್ಲಾಂಟಿನಲ್ಲಿ, ಮಧ್ಯಾಹ್ನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೆಲಸ ಮಾಡಬಹುದು. ಶಿಫ್ಟ್ ಅದಲು ಬದಲು ಮಾಡಿಕೊಳ್ಳಬಹುದು. ಬೇಕಾದಾಗ ರಜೆ. ಎಚ್‌ಆರ್‌ನ ಓರ್ಲಾ ನನ್ನನ್ನು ಕೂರಿಸಿಕೊಂಡು ಬಿಸ್ಕತ್ತು ಕೊಟ್ಟಳು. ಯಾರನ್ನು ನೋಡಿಕೊಳ್ಳಬೇಕು, ಏನು ಕಾಯಿಲೆ, ಒಂದನ್ನೂ ಕೇಳಲಿಲ್ಲ. "ಕಾರಣ ನಿಮ್ಮ ಖಾಸಗಿ ವಿಷಯ," ಅಂದಳು. ಆ ಮಾತಿಗೆ ನನಗೆ ಕಣ್ಣಲ್ಲಿ ನೀರು ಬಂತು. ಆ ಯೋಜನೆಗೆ ಸೇರಿದ ಮೊದಲ ಗಂಡಸು ನಾನಂತೆ. ನನ್ನ ಫೋಟೋ ತೆಗೆದು ಕ್ಯಾಂಟೀನಿನ ಗೋಡೆಗೆ ಹಾಕಿದರು. ಹುಬ್ಬಿನ ಮೇಲಿನ ಹೊಲಿಗೆಯ ಗುರುತು ಫೋಟೋದಲ್ಲೂ ಕಾಣುತ್ತಿತ್ತು. ಕ್ರಿಕೆಟ್ ಚೆಂಡು ತಾಗಿತು ಎಂದಿದ್ದೆ.

ನಾನು ಬಿಟ್ಟ ಮಧ್ಯಾಹ್ನಗಳನ್ನು ಹೊತ್ತವನು ಡೋನಲ್. ನನ್ನ ಜೋಡಿ ಶಿಫ್ಟಿನ ಕೆಮಿಸ್ಟ್, ಡೊನೆಗಾಲಿನ ಲೆಟರ್‌ಕೆನ್ನಿ ಕಡೆಯವನು, ಎತ್ತರದ ಆಳು. ಅವನ ಇಂಗ್ಲಿಷನ್ನು ಕನ್ನಡದಲ್ಲೇ ಬರೆಯುತ್ತೇನೆ. ಅವನ ರಾಗ ಬರೆಯಲು ನನಗೆ ಬಾರದು.

"ಏನಮ್ಮಾ, ಮಕ್ಕಳಿಗೆ ಊಟ ಆಯ್ತಾ?" ಎಂದು ಬೆಳಿಗ್ಗೆ ಎಲ್ಲರ ಮುಂದೆ ಕೇಳುತ್ತಿದ್ದ.

"ಆಯ್ತು. ನಿನಗೂ ಡಬ್ಬಿ ಕಟ್ಟಿದೀನಿ."

"ಕಟ್ಟಬೇಕಪ್ಪ. ನಿನ್ನಿಂದಾಗಿ ನಾನು ಮನೇಲಿ ಊಟ ಮಾಡೋದೇ ಬಿಟ್ಟಿದೀನಿ."

ಮೊದಮೊದಲು ಅದು ತಮಾಷೆ. ಬರಬರುತ್ತಾ ಅದರಲ್ಲಿ ಮುಳ್ಳು ಹುಟ್ಟಿತು. ಅವನ ಮಗ ಹರ್ಲಿಂಗ್ ಆಡುತ್ತಿದ್ದ, ಇಲ್ಲಿನವರ ಕೋಲು-ಚೆಂಡಿನ ಆಟ. ನನ್ನ ಬದಲಿಗೆ ಕೂತು ಕೂತು ಅವನು ಒಂದು ಮ್ಯಾಚಿಗೂ ಹೋಗಿರಲಿಲ್ಲ. ಲ್ಯಾಬಿನ ಹುಡುಗಿಯೊಬ್ಬಳು ಅದೇ ಸೌಲಭ್ಯ ಕೇಳಿದಾಗ, ಸದ್ಯಕ್ಕೆ ಇನ್ನೊಬ್ಬರನ್ನು ಬಿಡಲಾಗದು ಎಂದರಂತೆ. ಕ್ಯಾಂಟೀನಿನಲ್ಲಿ ನನ್ನ ಮೇಜಿನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ನನಗೆ ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ. ತೋಳಿನ ಮೇಲೆ ಹಲ್ಲಿನ ಗುರುತು ಇರುತ್ತಿತ್ತು, ಉದ್ದ ತೋಳಿನ ಶರ್ಟ್ ಹಾಕುತ್ತಿದ್ದೆ. ಮಧ್ಯಾಹ್ನ ನಾನು ಮನೆಗೆ ಹೋಗುವುದರಿಂದ ಗುರುತುಗಳನ್ನು ನೋಡುವ ಕಣ್ಣುಗಳೂ ಅರ್ಧಕ್ಕೆ ಇಳಿದವು. ಪೂರ್ತಿ ದಿನ ಕೆಲಸಕ್ಕೆ ಹೋಗಲೇಬೇಕಾಗಿದ್ದರೆ ಮೊದಲ ವಾರವೇ ನಾನು ಸೋತು ಅವಳನ್ನು ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದೆ. ಆ ಯೋಜನೆ ನನ್ನನ್ನು ಸೋಲಲು ಬಿಡಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ.

ದಿನವೂ ಶಾಲೆ ಬಿಡುವ ಹೊತ್ತಿಗೆ ನಾನೇ ಇಂಚರಳನ್ನು ಕರೆದುಕೊಂಡು ಮನೆಗೆ ಬರುತ್ತಿದ್ದೆ. ಅವತ್ತು ಟೀಚರುಗಳ ಸಭೆ ಇದ್ದು ಶಾಲೆ ಬೇಗ ಬಿಡುವುದಿತ್ತು. ಪ್ಲಾಂಟಿಗೆ ಅಮೆರಿಕದಿಂದ ಆಡಿಟ್‌ನವರು ಬಂದಿದ್ದರು, ನಾನು ಕದಲುವಂತಿರಲಿಲ್ಲ. ಸಂಧ್ಯಾ ಫೋನ್ ಮಾಡಿದಳು.

"ನಾನೇ ಕರ್ಕೊಂಡ್ ಬರ್ತೀನಿ ಬಿಡು. ವಾರದಿಂದ ಗ್ರ್ಯಾಂಡ್ ಇದೀನಲ್ಲ."

ಚೆನ್ನಾಗಿದ್ದೇನೆ ಅನ್ನುವುದಕ್ಕೆ ಇಲ್ಲಿ ಗ್ರ್ಯಾಂಡ್ ಅನ್ನುತ್ತಾರೆ. ನಿಜ, ಆ ವಾರ ಒಂದೇ ಒಂದು ಏಟು ಬಿದ್ದಿರಲಿಲ್ಲ. ಹೂಂ ಅಂದೆ.

ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದಳು. ಸ್ನಾನ ಮಾಡಿ, ತಲೆ ಬಾಚಿ, ಬೊಟ್ಟಿಟ್ಟುಕೊಂಡಿದ್ದಳು. "ಊಟ ಆಗಿದೆ. ಪಾಸ್ತಾ, ಪೂರ್ತಿ ತಿಂದ್ಲು. ಜ್ವರ ಇಲ್ಲ. ಬಲ ಮೊಣಕಾಲು ಸ್ವಲ್ಪ ತರಚಿದೆ, ತೊಳೆದಿದೀನಿ. ಮಲಗಿದಾಳೆ, ಎಬ್ಬಿಸ್ಬೇಡ."

"ಸರಿ," ಅಂದೆ.

ಎಷ್ಟು ಸಲ ಇದನ್ನು ಮನಸ್ಸಿನಲ್ಲಿ ಮತ್ತೆ ನಡೆಸಿದ್ದೇನೋ. ಪ್ರತಿ ಸಲವೂ ನಾನು "ಸರಿ" ಅನ್ನುತ್ತೇನೆ. ಮೊಣಕಾಲಿನ ತರಚು ನಿಜವಾಗಿತ್ತು. ಅದಕ್ಕೇ ಉಳಿದದ್ದನ್ನೂ ನಂಬಿದೆ. ಬೂಟು ಬಿಚ್ಚಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಅವತ್ತಿನ ಬ್ಯಾಚಿನ ವರದಿಯನ್ನು ನಾನು ನೋಡಿ ಕಳಿಸದೆ ಡೋನಲ್ ಶಿಫ್ಟ್ ಮುಗಿಸುವಂತಿರಲಿಲ್ಲ.

ಮೇಲೆ ಪೈಪು ಟಕ್ ಟಕ್ ಅನ್ನುತ್ತಿತ್ತು. ನಮ್ಮ ಮನೆಯಲ್ಲಿ ನೀರು ಕಾಯುವಾಗ ಪೈಪು ಯಾವಾಗಲೂ ಹಾಗೇ ಅನ್ನುತ್ತಿತ್ತು. ನಾನು ವರದಿ ಓದುತ್ತಾ ಹೋದೆ. ಟಕ್ ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ನನ್ನನ್ನು ಎಬ್ಬಿಸಿದ್ದು ಇಮ್ಮರ್ಶನ್. ನೀರು ಕಾಯಿಸುವ ಕರೆಂಟಿನ ಸ್ವಿಚ್ಚಿಗೆ ಇಲ್ಲಿ ಹಾಗನ್ನುತ್ತಾರೆ. ಅದನ್ನು ಆರಿಸಲು ಮರೆಯುವುದು ಈ ದೇಶದಲ್ಲಿ ಒಂದು ಪಾಪ. ನಮಗೂ ಆ ಚಾಳಿ ಅಂಟಿತ್ತು. ಅವಳ ಸ್ನಾನ ಆಗಿದೆ, ಮತ್ತೇಕೆ ನೀರು ಕಾಯುತ್ತಿದೆ ಎಂದು ಆರಿಸಲು ಮೆಟ್ಟಿಲು ಹತ್ತಿದೆ. ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಬಿಸಿನೀರಿನ ತಾಮ್ರದ ಹಂಡೆ ಇರುವ ಕಪಾಟು, ಟವೆಲ್ಲು ಒಣಗಿಸುವ ಜಾಗ. ಆ ಕಪಾಟಿನ ಹಿಡಿಕೆಗೆ ಸಂಧ್ಯಾಳ ಹಸಿರು ದುಪಟ್ಟಾ ಸುತ್ತಿ, ಅದನ್ನು ಮೆಟ್ಟಿಲ ಕಟಕಟೆಗೆ ಎಳೆದು ಗಂಟು ಹಾಕಿತ್ತು. ಟಕ್ ಟಕ್ ಬರುತ್ತಿದ್ದದ್ದು ಒಳಗಿನಿಂದ.

ನಾನು ಗಂಟಿಗೆ ಕೈ ಹಾಕಿದೆ.

"ಮುಟ್ಬೇಡ," ಅಂದಳು ಸಂಧ್ಯಾ, ಹಿಂದಿನಿಂದ. "ಅವರು ಕೆಳಗೆ ಬಂದಿದಾರೆ. ಅವಳನ್ನ ತಗೊಂಡ್ ಹೋಗಕ್ಕೆ."

ತಿರುಗುವಷ್ಟರಲ್ಲಿ ಏಟು ಬಿತ್ತು. ಶುಂಠಿ ಜಜ್ಜುವ ಹಿತ್ತಾಳೆ ಕುಟ್ಟಾಣಿ. ಅವಳಮ್ಮ ಕುಮಟಾದಿಂದ ಕೊಟ್ಟು ಕಳಿಸಿದ್ದು. ಕುತ್ತಿಗೆಯ ಬುಡದ ಎಲುಬು ಮುರಿದ ಸದ್ದು ನನಗೇ ಕೇಳಿತು, ಒಣ ಕಡ್ಡಿ ಮುರಿದ ಹಾಗೆ. ಎಡಗೈ ಕೆಳಗೆ ಜೋತುಬಿತ್ತು. ಎರಡನೆಯ ಏಟು ಕಿವಿ ಸವರಿ ಗೋಡೆಯ ಪ್ಲಾಸ್ಟರ್ ಕಿತ್ತಿತು. ನಾನು ಭುಜದಿಂದ ಗುದ್ದಿದೆ. ಅವಳು ಕಟಕಟೆಗೆ ಬಿದ್ದು ಎದ್ದು ಬಂದು ನನ್ನ ಮುಂಗೈ ಕಚ್ಚಿದಳು. ಬಿಡಲಿಲ್ಲ. ತಲೆ ಅಲ್ಲಾಡಿಸುತ್ತಾ ಕಚ್ಚಿದಳು. ನಾನು ಅವಳ ಮುಖಕ್ಕೆ ಹೊಡೆದೆ. ಮುಷ್ಟಿ ಕಟ್ಟಿ, ಶಕ್ತಿಯೆಲ್ಲ ಹಾಕಿ ಹೊಡೆದೆ. ಅವಳು ಕೈ ಎತ್ತಿ ಓದು ನಿಲ್ಲಿಸಿದ ಒಂದು ಜಾಗ ಇದು. ನಾನು "ತಳ್ಳಿದೆ" ಎಂದು ಬರೆದಿದ್ದೆ.

ಅವಳು ಕೂತುಬಿಟ್ಟ ಆ ಗಳಿಗೆಯಲ್ಲಿ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿದೆ. ಬಾಗಿಲು ತೆರೆದಾಗ ಒಲೆಯ ಬಾಯಿಂದ ಬರುವಂಥ ಕಾವು. ಇಂಚರ ನನ್ನ ಕಾಲ ಮೇಲೆ ಉರುಳಿ ಬಿದ್ದಳು. ಮುಖ ಕಡುಕೆಂಪು, ಕೂದಲು ನೀರಿನಲ್ಲಿ ಅದ್ದಿದ ಹಾಗೆ, ತುಟಿ ಬಿಳಿ. ಒಂದು ಕೈಯಲ್ಲಿ ಅವಳ ಸ್ವೆಟರ್ ಹಿಡಿದು ಎಳೆದುಕೊಂಡು ಪಕ್ಕದ ಬಾತ್‌ರೂಮಿಗೆ ನುಗ್ಗಿ ಚಿಲಕ ಹಾಕಿದೆ.

ಬಾಗಿಲಿಗೆ ಕುಟ್ಟಾಣಿ ಬೀಳತೊಡಗಿತು. ಹೊಸ ಮನೆಯ ಟೊಳ್ಳು ಬಾಗಿಲು; ಮೂರನೆಯದೋ ನಾಲ್ಕನೆಯದೋ ಏಟಿಗೆ ಹಲಗೆ ಒಳಕ್ಕೆ ಉಬ್ಬಿತು. ನಾನು ಬೆನ್ನು ಕೊಟ್ಟು ಕೂತೆ, ಕಾಲನ್ನು ಟಬ್ಬಿಗೆ ಒತ್ತಿದೆ. ಒಂದೊಂದು ಏಟೂ ಮುರಿದ ಎಲುಬಿನ ಮೂಲಕ ಹಾದುಹೋಗುತ್ತಿತ್ತು. ಮಗಳಿಗೆ ನಲ್ಲಿಗೆ ಬಾಯಿಡು ಅಂದೆ. ಕುಡಿದಳು, ಕಕ್ಕಿದಳು, ಮತ್ತೆ ಕುಡಿದಳು. ಆಮೇಲೆ ನನ್ನ ಪಕ್ಕ ಕೂತು ಪಿಸುಗುಟ್ಟಿದಳು, "ಡೋಂಟ್ ಟೆಲ್ ಅಮ್ಮ ಐ ನಾಕ್ಡ್." ಸದ್ದು ಮಾಡಬೇಡ ಎಂದು ಅಮ್ಮ ಹೇಳಿದ್ದಳು. ಅದಕ್ಕೇ ಕೂಗದೆ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದಳು.

ನನ್ನ ಮೊಬೈಲ್ ಕೆಳಗೆ ಲ್ಯಾಪ್‌ಟಾಪ್ ಪಕ್ಕದಲ್ಲಿತ್ತು. ಅದು ಹೊಡೆದುಕೊಳ್ಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊಡೆದುಕೊಳ್ಳುತ್ತಿತ್ತು. ಡೋನಲ್ ಎಂದು ಗೊತ್ತಿತ್ತು. ವರದಿ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಪ್ರಪಂಚದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಹಾಗಾಗಿ ಬರುವವರೂ ಯಾರೂ ಇರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನು ನಾನೇ.

ಏಟು ನಿಂತಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಪಾದದ ನೆರಳು ನಿಂತೇ ಇತ್ತು. ಆಗ ಕರೆಗಂಟೆ ಹೊಡೆಯಿತು.

ಕೆಳಗೆ ಏನಾಯಿತೆಂದು ಡೋನಲ್ ಆಮೇಲೆ ಹೇಳಿದ್ದು. ಅವನು ಬಂದದ್ದು ಜಗಳಕ್ಕೆ. ಅವತ್ತು ಮಗನ ಮ್ಯಾಚು. ಈ ಸಲ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟಿದ್ದನಂತೆ. ನನ್ನ ವರದಿಗೆ ಕಾದು ಕಾದು ಸಿಟ್ಟು ನೆತ್ತಿಗೇರಿ, ಇನ್ನೊಬ್ಬನನ್ನು ಕುರ್ಚಿಯಲ್ಲಿ ಕೂರಿಸಿ, ಕಾರು ಹತ್ತಿ ನನ್ನ ಮುಖಕ್ಕೆ ಬೈಯಲು ಬಂದ. ಸಂಧ್ಯಾ ಬಾಗಿಲು ತೆಗೆದಳು. ಶಾಂತವಾಗಿ, ಚೆಂದದ ಇಂಗ್ಲಿಷಿನಲ್ಲಿ, ನನ್ನ ಗಂಡ ಉದಯ ಮಲಗಿದ್ದಾರೆ, ಮಗುವೂ ಮಲಗಿದೆ, ಇಬ್ಬರಿಗೂ ಸ್ವಲ್ಪ ಜ್ವರ ಇತ್ತು, ಈಗ ಇಳಿದಿದೆ, ಬಂದದ್ದಕ್ಕೆ ಧನ್ಯವಾದ ಅಂದಳಂತೆ.

"ನಾನು ತಿರುಗಿ ಹೊರಟೂ ಬಿಟ್ಟಿದ್ದೆ," ಅಂದ ಡೋನಲ್. "ಡಾಕ್ಟರು ಹೇಳಿದ ಮೇಲೆ ಇನ್ನೇನು? ಆದರೆ ಗದ್ದದಿಂದ ರಕ್ತ ಇಳೀತಿತ್ತು ಕಣಯ್ಯ. ಅದನ್ನ ಒರೆಸಿಕೊಳ್ಳಬೇಕು ಅಂತಲೂ ಆಕೆಗೆ ಅನ್ನಿಸಿರಲಿಲ್ಲ."

ಆ ರಕ್ತದಲ್ಲಿ ಅರ್ಧ ನನ್ನದು, ಅರ್ಧ ಅವಳದು. ಅವನು ಒಳಗೆ ಕಾಲಿಟ್ಟ. ಕುಟ್ಟಾಣಿ ಅವನ ಮಣಿಕಟ್ಟಿಗೆ ಬಿತ್ತು. ಆ ಎತ್ತರದ ಆಳು ಅವಳನ್ನು ಹಿಂದಿನಿಂದ ತಬ್ಬಿ ಹಿಡಿದು, ಮೆಟ್ಟಿಲ ಮೇಲೆ ಕೂತು, ಒಂದೇ ಕೈಯಲ್ಲಿ ಗಾರ್ಡಾ ಪೊಲೀಸರಿಗೂ ಆಂಬ್ಯುಲೆನ್ಸಿಗೂ ಫೋನ್ ಮಾಡಿದ. ಅವರು ಬರುವ ತನಕ ಅವಳು ಹಿಂದಲೆಯಿಂದ ಅವನ ಬಾಯಿಗೆ ಗುದ್ದುತ್ತಲೇ ಇದ್ದಳು. ಅವನು "ಗ್ರ್ಯಾಂಡ್, ಡಾಕ್ಟರ್, ಗ್ರ್ಯಾಂಡ್, ಎಲ್ಲ ಗ್ರ್ಯಾಂಡ್" ಅನ್ನುತ್ತಲೇ ಇದ್ದ.

ತುರ್ತು ವಿಭಾಗದ ಕಾರಿಡಾರಿನಲ್ಲಿ ಗೋಡೆಯುದ್ದಕ್ಕೂ ಟ್ರಾಲಿಗಳು, ಅವುಗಳ ಮೇಲೆ ಮುದುಕರು. ಮೂಲೆಯ ಟೀವಿಯಲ್ಲಿ ಸ್ಪೇನಿನಲ್ಲಿ ಮನೆ ಕೊಳ್ಳುವುದು ಹೇಗೆಂದು ಯಾರೋ ಹೇಳುತ್ತಿದ್ದರು. ಸಂಧ್ಯಾ ಕೆಲಸ ಮಾಡುತ್ತಿದ್ದ ಆಸ್ಪತ್ರೆಯೇ ಅದು. ಯಾವುದಕ್ಕೆ ನಾವು ತಿಂಗಳುಗಟ್ಟಲೆ ಹೆದರಿದ್ದೆವೋ ಅದು ಬಾಗಿಲಲ್ಲೇ ನಡೆದುಹೋಯಿತು: ಅವಳನ್ನು ಗುರುತಿಸಿದ ನರ್ಸ್ ಒಬ್ಬಳು, "ಡಾಕ್ಟರ್ ಸಂಧ್ಯಾ?" ಅಂದಳು. ಅಂದು, ಸುತ್ತ ಪರದೆ ಎಳೆದಳು. ಒದೆಯುತ್ತಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಳು. ಡೋನಲ್, ತುಟಿ ಊದಿಸಿಕೊಂಡು, ಇಂಚರಳನ್ನು ಪಕ್ಕದಲ್ಲಿ ಕೂರಿಸಿ ಒಂದೇ ಪೊಟ್ಟಣದಿಂದ ಕ್ರಿಸ್ಪ್ಸ್ ತಿನ್ನಿಸುತ್ತಿದ್ದ. ಮ್ಯಾಚು ಏನಾಯಿತೆಂದು ನಾನು ಕೇಳಲಿಲ್ಲ.

ಅವಳ ಒಪ್ಪಿಗೆ ಇಲ್ಲದೆ ಮಾನಸಿಕ ವಿಭಾಗಕ್ಕೆ ಸೇರಿಸಲು ಗಂಡನ ಸಹಿ ಬೇಕಾಗಿತ್ತು. ಹಾಕಿದೆ. ಎರಡು ಬಾಗಿಲುಗಳಾಚೆಯಿಂದ ಅವಳ ಕೂಗು ಕೇಳುತ್ತಿತ್ತು. ಇಂಗ್ಲಿಷ್ ಪೂರ್ತಿ ಬಿಟ್ಟುಹೋಗಿ ಬರೀ ಕನ್ನಡ. ಡಾಕ್ಟರುಗಳು ಪ್ರತಿದಿನ ನನ್ನನ್ನು ಕೇಳುತ್ತಿದ್ದರು: ಏನು ಹೇಳುತ್ತಿದ್ದಾರೆ? "ಮಗಳನ್ನು ಕೇಳುತ್ತಿದ್ದಾಳೆ. ಮನೆಗೆ ಹೋಗಬೇಕಂತೆ," ಎಂದು ನಾನು ಹೇಳುತ್ತಿದ್ದೆ. ಅವರು ಭ್ರಮೆಗೆ ಔಷಧ ಕೊಡುತ್ತಿದ್ದರು. ಅವಳು ಇನ್ನಷ್ಟು ಹೊಡೆಯುತ್ತಿದ್ದಳು. ಒಬ್ಬ ಅಟೆಂಡರನ ಬೆರಳು ಮುರಿಯಿತು.

ಒಂದು ಬೆಳಿಗ್ಗೆ ನರರೋಗ ವಿಭಾಗದಿಂದ ಹಿರಿಯ ಡಾಕ್ಟರೊಬ್ಬರು ಬಂದರು. ಬೆಳ್ಳಗಿನ ಕೂದಲಿನ, ಮಾತು ಕಮ್ಮಿ ಇರುವ ಹೆಂಗಸು. ಸಂಧ್ಯಾಳ ಕೈ ಹಿಡಿದು ಅದು ಜರ್ಕ್ ಹೊಡೆಯುವುದನ್ನು ತುಂಬ ಹೊತ್ತು ನೋಡಿದರು. ಅವಳು ಕಿರುಚಿದಳು.

"ಏನಂದರು?"

"ಬಾಗಿಲು ತೆಗೀರಿ ಅಂತ."

"ಅವರ ಮನಸ್ಸಿನಲ್ಲಿ ಏನಿದೆ ಅಂತ ಬೇಡ. ಬಾಯಲ್ಲಿ ಬಂದ ಶಬ್ದ ಯಾವುದು? ಒಂದೊಂದಾಗಿ ಹೇಳಿ."

ಆಗಲೇ ನಾನು ಮೊದಲ ಸಲ ಅವಳನ್ನು ಕಿವಿಗೊಟ್ಟು ಕೇಳಿದ್ದು. "ಚಮಚ ಬೇಯಿಸಿ, ಚಮಚ ಬೇಯಿಸಿ" ಎನ್ನುತ್ತಿದ್ದಳು. ಕೈ ಮಾತ್ರ ಬಾಗಿಲು ತೋರಿಸುತ್ತಿತ್ತು. ಎಷ್ಟೋ ದಿನದಿಂದ ಅವಳ ಕನ್ನಡ ಚೂರು ಚೂರಾಗಿತ್ತು. ನಾನು ಚೂರುಗಳನ್ನು ಜೋಡಿಸಿ, ನುಣುಪು ಮಾಡಿ, ಇಂಗ್ಲಿಷಿನಲ್ಲಿ ಒಪ್ಪಿಸುತ್ತಾ ಬಂದಿದ್ದೆ. ಹೆಂಡತಿಯ ಮಾನ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಆ ವಾರ್ಡಿನಲ್ಲಿ ಬೇರೆ ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ.

ಡಾಕ್ಟರು ಪೆನ್ನು ಮುಚ್ಚಿದರು. "ಇದು ಮನಸ್ಸಿನದಲ್ಲ ಅನ್ನಿಸುತ್ತೆ. ಮಿದುಳು ಊದಿಕೊಂಡಿದೆ," ಅಂದರು. ಬೆನ್ನಿನಿಂದ ನೀರು ತೆಗೆದರು. ರಕ್ತ ತೆಗೆದರು. ಅವಳದೇ ದೇಹ ಅವಳ ಮಿದುಳಿನ ಮೇಲೆ ಏರಿಹೋಗಿತ್ತಂತೆ, ಅದರ ಗುಟ್ಟು ಥೈರಾಯ್ಡಿನ ಪರೀಕ್ಷೆಯಲ್ಲಿ ಸಿಕ್ಕಿತು. ಅಪರೂಪದ್ದು, ಆದರೆ ಔಷಧ ಉಂಟು. ಸ್ಟೀರಾಯ್ಡ್ ಹನಿಸಲು ಶುರು ಮಾಡಿದರು.

ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ನಾನು ಹೋದಾಗ ಅವಳು ದಿಂಬಿಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ಕುತ್ತಿಗೆಯಿಂದ ಜೋಳಿಗೆ ಕಟ್ಟಿ ತೂಗುಹಾಕಿದ್ದ ನನ್ನ ಕೈ ನೋಡಿದಳು.

"ಏನಿದು?"

"ಬಿದ್ದೆ."

ಹತ್ತಿರ ಬಾ ಎಂದು ಸನ್ನೆ ಮಾಡಿ ಬೆರಳಿನಿಂದ ಎಲುಬು ಮುಟ್ಟಿ ನೋಡಿದಳು. "ಬಿದ್ರೆ ಇಲ್ಲಿ ಮುರಿಯಲ್ಲ. ಮೇಲಿಂದ ಏಟು ಬಿದ್ರೆ ಇಲ್ಲಿ." ಬೆರಳು ತೆಗೆಯದೆ ಕೇಳಿದಳು, "ನಾನಾ?"

ನಾನು ಜೋಳಿಗೆಯ ಗಂಟು ಸರಿಮಾಡಿಕೊಂಡೆ.

"ಇಂಚು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳಿಗೆ ಒಂದೂ ನೆನಪಿರಲಿಲ್ಲ. ಅವಳು ಓದು ನಿಲ್ಲಿಸಿದ ಎರಡನೆಯ ಜಾಗ ಇದು. ಇಲ್ಲಿ ಅವಳು ಅತ್ತಳು ಎಂದು ಬರೆದಿದ್ದೆ. ಅಳಲಿಲ್ಲ. ಗೋಡೆಗೆ ತಿರುಗಿ ಮಲಗಿ, "ಮನೆಗೆ ಬಂದ್ಮೇಲೂ ಅವಳನ್ನ ನನ್ನ ಜೊತೆ ಒಬ್ಬಳನ್ನೇ ಬಿಡ್ಬೇಡ. ಯಾವ ಡಾಕ್ಟ್ರು ಏನ್ ಹೇಳಿದ್ರೂ ಬಿಡ್ಬೇಡ," ಅಂದಳು.

ಹಾಗೇ ನಡೆದುಕೊಂಡೆವು. ಅವಳು ಮನೆಗೆ ಬಂದಳು, ಮಾತು ಮರಳಿತು, ಕೈ ನಡುಕ ನಿಂತಿತು. ಸೈಕಿಯಾಟ್ರಿ ವಾರ್ಡು ಸೇರಿದ್ದಕ್ಕೆ ಯಾರೂ ಅವಳ ರಿಜಿಸ್ಟ್ರೇಷನ್ ಕಿತ್ತುಕೊಳ್ಳಲಿಲ್ಲ. ಗುಣವಾದ ಮೇಲೆ ಬನ್ನಿ, ಕಾಯುತ್ತೇವೆ ಎಂದರು. ಆದರೆ ಮಗಳು ಇರುವ ಕೋಣೆಯಲ್ಲಿ ಅವಳು ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದಳು. ನಾನು ಕಸ ಹಾಕಲು ಹೊರಗೆ ಹೋದರೂ ಹಿಂದೆಯೇ ಬರುತ್ತಿದ್ದಳು. ಇಂಚರ ಟವೆಲ್ ಬೇಕಾದರೆ ಆ ಕಪಾಟಿಗೆ ನನ್ನನ್ನು ಕಳಿಸುತ್ತಿದ್ದಳು.

ಈ ನಡುವೆ ಓರ್ಲಾ ಬಂದು ಕೇಳಿದಳು, ಯೋಜನೆಯಿಂದ ನಿಮಗಾದ ಅನುಕೂಲದ ಬಗ್ಗೆ ನಾಲ್ಕು ಮಾತಾಡುತ್ತೀರಾ ಎಂದು. ಬಾಗಿಲು ಹಾಕಿಕೊಂಡು ನಿಜ ಹೇಳಿದೆ. ಅವಳ ಮುಖ ಬಿಳಿಚಿತು. "ಕಾರಣ ಕೇಳಬಾರದು ಅಂತಲೇ ನಮಗೆ ತರಬೇತಿ ಕೊಟ್ಟಿದ್ದು," ಅಂದಳು.

"ಗೊತ್ತು. ಕೇಳಿದ್ದರೆ ನಾನು ಸುಳ್ಳು ಹೇಳ್ತಿದ್ದೆ," ಅಂದೆ.

ಅದು ಅವಳಿಗೆ ಸಮಾಧಾನವಾಯಿತೋ ಇಲ್ಲವೋ. ಆ ಯೋಜನೆ ಕೆಟ್ಟದ್ದೆಂದು ನಾನು ಹೇಳಲಾರೆ. ಸಂಧ್ಯಾ ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಮೂವರನ್ನೂ ಎತ್ತಿ ನಿಲ್ಲಿಸಿದ್ದು ಅದೇ ಮಧ್ಯಾಹ್ನಗಳು. ಆದರೆ ಅದರ ಬೆಲೆ ತೆತ್ತವರು ಕಂಪನಿಯ ಹೊರಗಿದ್ದರು: ತಂದೆ ನೋಡದ ಆಟ ಆಡಿದ ಒಬ್ಬ ಹುಡುಗ, ಇಲ್ಲವೆನಿಸಿಕೊಂಡ ಲ್ಯಾಬಿನ ಹುಡುಗಿಯ ಮನೆಯವರು ಯಾರೋ, ಬಾಗಿಲು ಹಾಕಿದ ಮನೆಯೊಳಗೆ ನನ್ನ ಮಗಳು. ಈಗ ಯಾರಾದರೂ ನಮ್ಮವರು ಇಂಥ ರಜೆ ತೆಗೆದುಕೊಳ್ಳಲೇ ಎಂದು ಕೇಳಿದರೆ, ತಗೊಳ್ಳಿ ಅನ್ನುತ್ತೇನೆ. ನಿಮ್ಮ ಬದಲಿಗೆ ಕೂರುವವನಿಗೆ ಮಾತ್ರ ಕಾರಣ ಹೇಳಿಬಿಡಿ ಅನ್ನುತ್ತೇನೆ.

ಚಳಿಗಾಲದ ಒಂದು ಶುಕ್ರವಾರ ಡೋನಲ್ ನನ್ನ ಮೇಜಿನ ಹತ್ತಿರ ಬಂದು ನಿಂತ. ಲೆಟರ್‌ಕೆನ್ನಿಯಲ್ಲಿ ಅವನಮ್ಮನಿಗೆ ಪಾರ್ಶ್ವವಾಯು ಹೊಡೆದಿತ್ತು. ಅವನೂ ಅದೇ ಯೋಜನೆಯಲ್ಲಿ ರಜೆ ಪಡೆದಿದ್ದ. ನಾಳೆ ಬೆಳಗಿನ ಶಿಫ್ಟಿಗೆ ಜನ ಇಲ್ಲ.

"ಕೇಳಬಾರದು, ಗೊತ್ತು," ಅಂದ.

"ಹೋಗು. ನಾನಿದೀನಿ," ಅಂದೆ.

ಮನೆಯಲ್ಲಿ ಹೇಳಿದಾಗ ಸಂಧ್ಯಾ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. "ನಾಳೆ ಶನಿವಾರ. ಸ್ಕೂಲಿಲ್ಲ. ಇಂಚೂನ ಕರ್ಕೊಂಡ್ ಹೋಗು."

"ಪ್ಲಾಂಟೊಳಗೆ ಮಕ್ಕಳನ್ನ ಬಿಡಲ್ಲ."

"ಗೇಟಲ್ಲಿ ಕೂರಿಸು. ಕಾರಲ್ಲಿ ಕೂರಿಸು."

"ಸಂಧ್ಯಾ."

ಅವಳು ಒಂದು ತಟ್ಟೆ ಒರೆಸಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. "ಅವನಮ್ಮಂಗೆ ಮಾತು ಹೋಗಿದ್ಯಾ?"

"ಹೋಗಿದ್ಯಂತೆ."

"ಹಾಗಾದ್ರೆ ಅವನು ಅಲ್ಲಿರ್ಬೇಕು," ಅಂದಳು. "ಹೋಗು ನೀನು."

ನಮ್ಮ ಕಂಟ್ರೋಲ್ ರೂಮಿನಲ್ಲಿ ಬದಲಿಯವರು ಬರುವ ತನಕ ಕುರ್ಚಿ ಬಿಟ್ಟು ಏಳುವಂತಿಲ್ಲ. ಏನೇ ಆದರೂ ಏಳುವಂತಿಲ್ಲ. ಕೂತ ಕೂಡಲೇ ಫೋನ್ ಮಾಡಿದೆ. ಇಂಚರ ಎತ್ತಿ, ತಿಂಡಿ ತಿನ್ನುತ್ತಿದ್ದೇವೆ ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದೆ, ಟೀವಿ ನೋಡುತ್ತಿದ್ದೇವೆ. ಪರದೆಯ ಮೇಲೆ ರಿಯಾಕ್ಟರಿನ ಅಂಕಿಗಳು ಏರುವುದನ್ನು ನೋಡುತ್ತಿದ್ದೆ, ತಾಮ್ರದ ಹಂಡೆ ಕಾಣುತ್ತಿತ್ತು. ಮೂರನೆಯ ಸಲ ಬಹಳ ಹೊತ್ತು ಯಾರೂ ಎತ್ತಲಿಲ್ಲ. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

"ಅಪ್ಪ," ಅಂದಳು ಕೊನೆಗೆ ಇಂಚರ, ಸಾಕಾದವಳ ದನಿಯಲ್ಲಿ.

ಅವಳ ಹಿಂದಿನಿಂದ ಸಂಧ್ಯಾಳ ಮಾತು ಕೇಳಿಸಿತು. "ನಿಮ್ಮಪ್ಪಂಗೆ ಹೇಳು, ಇನ್ನೊಂದ್ ಸಲ ಫೋನ್ ಮಾಡಿದ್ರೆ ಅಲ್ಲಿಗೇ ಬಂದು ಹೊಡೀತೀನಿ ಅಂತ."

ಕಾಯಿಲೆಗೆ ಮುಂಚೆ ನಮ್ಮ ಮನೆಯಲ್ಲಿ ತಮಾಷೆಗೆ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅದನ್ನು ಆಡಿರಲಿಲ್ಲ. ನನ್ನ ಕೈ ತಾನಾಗಿಯೇ ಕುತ್ತಿಗೆಯ ಬುಡಕ್ಕೆ ಹೋಯಿತು. ತಾನೇನಂದೆ ಎಂದು ಅಲ್ಲಿ ಅವಳಿಗೂ ಆಗ ಹೊಳೆದಿರಬೇಕು. ಟೀವಿಯ ಸದ್ದು ಬಿಟ್ಟರೆ ಏನೂ ಇಲ್ಲ.

"ಶಿ ಸೇಸ್ ಶಿ ವಿಲ್ ಬೇಟ್ ಯು, ಅಪ್ಪ," ಅಂದಳು ಇಂಚರ, ಬೀಟ್ ಅನ್ನುವುದನ್ನು ಕಾರ್ಕಿನವರ ಹಾಗೆ ಬೇಟ್ ಮಾಡಿ. ಅಂದು, ನಕ್ಕುಬಿಟ್ಟಳು. ಕಿಲಕಿಲ ನಗು, ನಿಲ್ಲಲೇ ಇಲ್ಲ. ಸ್ವಲ್ಪ ತಡೆದು ಅದರ ಹಿಂದೆ ಇನ್ನೊಂದು ನಗು ಸೇರಿತು.

ನನಗೆ ನಗು ಬರಲಿಲ್ಲ. "ಸರಿ, ಮಾಡಲ್ಲ," ಎಂದು ಫೋನ್ ಇಟ್ಟೆ. ಶಿಫ್ಟ್ ಮುಗಿಯುವ ತನಕ ಆ ಫೋನನ್ನೇ ನೋಡುತ್ತಾ ಕೂತಿದ್ದೆ. ಮುಟ್ಟಲಿಲ್ಲ.